ಚೆನ್ನೆಮಣೆಯ ಖಾಲಿ ಗುಳಿ

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ, ಮಳೆಗಾಲದ ಒಂದು ಭಾನುವಾರ ಆಡಿದ ಮಾತುಗಳಿವು. ಕರೆಂಟು ಹೋದಾಗ ಹೊತ್ತು ಕಳೆಯಲು ಹೇಳಿದ ಎರಡು ಜೋಕು ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಡಬ್ಬಿ ನೋಡಿ. ಕುಟಿಕುರಾ ಪೌಡರಿನ ಡಬ್ಬಿ. ಬಣ್ಣ ಹೋಗಿದೆ, ಅಡಿಯಲ್ಲಿ ತುಕ್ಕು ಹಿಡಿದಿದೆ. ಈಗ ಅಲ್ಲಾಡಿಸುತ್ತೇನೆ, ಕೇಳಿ. ಹಿಂದೆ ಕೂತವರಿಗೂ ಕೇಳಿಸಿತಲ್ವಾ? ಮುಂದಿನ ಸಾಲಿನ ಅಮ್ಮಂದಿರು ಆಗಲೇ ನಗುತ್ತಿದ್ದಾರೆ. ಅವರಿಗೆ ಸದ್ದಿನಲ್ಲೇ ಗೊತ್ತಾಯಿತು. ಮಂಜೊಟ್ಟಿ ಕಾಯಿ, ಗುಳಿಗಳಿರುವ ಮಣೆಯಲ್ಲಿ ಚೆನ್ನೆ ಆಡುವ ಕೆಂಪು ಬೀಜ.

ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮಲಯಾಳದಲ್ಲಿ ಮಂಜಾಡಿ ಅನ್ನುತ್ತಾರೆ. ಹಿಂದೆ ಅಕ್ಕಸಾಲಿಗರು ಇದನ್ನು ತೂಕಕ್ಕೆ ಇಡುತ್ತಿದ್ದರು. ನಾಲ್ಕು ಕಾಯಿ ಅಂದರೆ ಸುಮಾರು ಒಂದು ಗ್ರಾಂ. ಗುಲಗಂಜಿ ಅಲ್ಲ ಇದು. ಗುಲಗಂಜಿ ಸಣ್ಣದು, ತಲೆಯಲ್ಲಿ ಕಪ್ಪು ಬೊಟ್ಟು, ಅಗಿದು ನುಂಗಿದರೆ ವಿಷ. ಮಂಜೊಟ್ಟಿ ಪೂರ್ತಿ ಕೆಂಪು, ಕಲ್ಲಿನಷ್ಟು ಗಟ್ಟಿ.

ನಾನು ಇಪ್ಪತ್ತೆರಡು ವರ್ಷ ಮದುವೆ ಫೋಟೋ ತೆಗೆದವನು. ಇಲ್ಲಿ ಕೂತಿರುವ ನಾಲ್ಕೈದು ಜನರ ಆಲ್ಬಮ್ ನಾನೇ ಮಾಡಿದ್ದು. ಚೆನ್ನಾಗಿದೆಯೋ ಇಲ್ಲವೋ ಈಗ ಕೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಪೆರ್ಲದ ಕಡೆ ಒಂದು ಮದುವೆ ಇತ್ತು. ಧಾರೆ ಎರೆಯುವ ಹೊತ್ತು. ಕ್ಯಾಮೆರಾ ಎತ್ತಿದೆ, ತೆಗೆದೆ, ಇಳಿಸಿದೆ. ರಾತ್ರಿ ಕಂಪ್ಯೂಟರಿನಲ್ಲಿ ನೋಡುವಾಗ ಅದು ಈ ವಾರದ ಮದುವೆಯೋ ಹೋದ ವಾರದ್ದೋ ಗೊತ್ತಾಗಲಿಲ್ಲ. ಸೀರೆಯ ಬಣ್ಣ ನೋಡಿ ಮದುಮಗಳನ್ನು ಗುರುತಿಸಬೇಕಾಯಿತು. ಆವತ್ತು ನನಗೇ ಸ್ವಲ್ಪ ಹೆದರಿಕೆಯಾಯಿತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ. ಮೊಬೈಲಿನಲ್ಲಿ ಬೇರೆಯವರ ಫೋಟೋ ನೋಡುತ್ತಾ ಕೂತೆ. ಐಸ್‌ಲ್ಯಾಂಡಿನ ಜಲಪಾತ, ಜಪಾನಿನ ಮಂಜು, ಯಾವುದೋ ಮರುಭೂಮಿಯ ಒಂಟೆ ಸಾಲು. ಅದನ್ನೆಲ್ಲ ನೋಡಿ ನಮ್ಮ ತೋಡಿನ ಬದಿಗೆ ಹೋದರೆ ತೋಡು ಸಪ್ಪೆ ಕಾಣುತ್ತದೆ. ತೋಡಿನದ್ದೇನೂ ತಪ್ಪಿಲ್ಲ.

ಆ ವರ್ಷ ಆಟಿ ತಿಂಗಳ ಮಳೆಯಲ್ಲಿ ಮನೆಯ ಅಟ್ಟ ಸೋರುತ್ತಿತ್ತು. ಹೆಂಚು ಸರಿಸಲು ಹತ್ತಿದವನಿಗೆ ಮೂಲೆಯಲ್ಲಿ ಒಂದು ಟ್ರಂಕು ಕಂಡಿತು. ಒಳಗೆ ಈ ಡಬ್ಬಿ, ಹಲಸಿನ ಮರದ ಚೆನ್ನೆಮಣೆ, ಒಂದು ಬೆಂಕಿಪೊಟ್ಟಣದಲ್ಲಿ ಸಿನಿಮಾ ರೀಲಿನ ತುಂಡುಗಳು, ಮೂರು ಗೋಲಿ. ಮೂರು ಕನ್ನಡಿ ಚೂರುಗಳಿಗೆ ರಟ್ಟು ಸುತ್ತಿ, ಬಳೆಯ ಒಡಕು ತುಂಬಿಸಿ ಮಾಡಿದ ಕೊಳವೆ ಕೂಡ ಇತ್ತು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಅನ್ನುವವರು 1816ರಲ್ಲಿ ಕಂಡುಹಿಡಿದ ಕೆಲೈಡೋಸ್ಕೋಪು ಅದೇ. ನಮಗೆ ಅದನ್ನು ಕಲಿಸಿದ್ದು ಪಕ್ಕದ ಮನೆಯ ಅಣ್ಣ. ಅವನಿಗೆ ಬ್ರೂಸ್ಟರ್ ಯಾರು ಅಂತ ಗೊತ್ತಿರಲಿಲ್ಲ.

ಸಿಕ್ಕಿದ್ದೇ ತಡ, ನಾನು ಏನು ಮಾಡಿದೆ ಗೊತ್ತಾ? ಸ್ಟುಡಿಯೋಗೆ ತೆಗೆದುಕೊಂಡು ಹೋದೆ. ಬಿಳಿ ಬಟ್ಟೆ ಹಾಸಿದೆ. ಎರಡು ಕಡೆ ಸಾಫ್ಟ್‌ಬಾಕ್ಸ್ ಇಟ್ಟೆ. ಮ್ಯಾಕ್ರೋ ಲೆನ್ಸ್ ಹಾಕಿ ಮಂಜೊಟ್ಟಿಯ ಫೋಟೋ ತೆಗೆದೆ. ಚೆನ್ನಾಗಿಯೇ ಬಂತು. ಚಿನ್ನದಂಗಡಿಯ ಕ್ಯಾಲೆಂಡರಿಗೆ ಹಾಕುವಷ್ಟು ಚೆನ್ನಾಗಿ ಬಂತು. ಅಮ್ಮನಿಗೆ ತೋರಿಸಿದೆ. “ಯಾವ ಅಂಗಡಿಯದ್ದು?” ಅಂತ ಕೇಳಿದಳು. ತನ್ನದೇ ಡಬ್ಬಿಯ ಕಾಯಿ ಅಂತ ಅವಳಿಗೆ ಗೊತ್ತಾಗಲಿಲ್ಲ.

ಅಮ್ಮನ ಆ ಒಂದು ಮಾತಿನಿಂದಾಗಿಯೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಬಾಲ್ಯದ ವಸ್ತು ಸಿಕ್ಕಿದ ಕೂಡಲೇ ನಾವು ಅದರದ್ದೇ ಫೋಟೋ ತೆಗೆಯಲು ಹೊರಡುತ್ತೇವೆ. ಹಳೇ ಗಡಿಯಾರ, ಹಳೇ ಲಾಟೀನು, ಅಜ್ಜನ ಕನ್ನಡಕ. ಅದರ ಮೇಲೆ ಒಂದು ಹಳದಿ ಫಿಲ್ಟರ್. ನೂರು ಲೈಕು. ನೋಡಿದವರಿಗೆ ಲಾಟೀನು ಕಾಣುತ್ತದೆ, ನಿಮ್ಮ ಲಾಟೀನು ಕಾಣುವುದಿಲ್ಲ.

ಮುಂದಕ್ಕೆ ಹೋಗುವ ಮೊದಲು ಕೆಂಪು ಬಣ್ಣದ ವಿಚಾರ ಹೇಳಿಬಿಡುತ್ತೇನೆ, ಕ್ಯಾಮೆರಾ ಇರುವವರಿಗೆ ಉಪಯೋಗಕ್ಕೆ ಬರುತ್ತದೆ. ನನ್ನ ಆ ಫೋಟೋದಲ್ಲಿ ಕಾಯಿಗಳೆಲ್ಲ ಪ್ಲಾಸ್ಟಿಕ್ಕಿನ ಹಾಗೆ ಕಂಡವು. ಕಾರಣ ಇದೆ. ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಅಂತ ಮೂರು ಪಾಲು ಮಾಡಿ ಅಳೆಯುತ್ತದೆ. ಇಂಥ ಕಡುಗೆಂಪು ವಸ್ತು ಇಟ್ಟರೆ ಹಸಿರಿನ ಮತ್ತು ನೀಲಿಯ ಪಾತ್ರೆ ಅರ್ಧವೂ ತುಂಬಿರುವುದಿಲ್ಲ, ಕೆಂಪಿನದ್ದು ಮಾತ್ರ ತುಂಬಿ ಚೆಲ್ಲುತ್ತದೆ. ಚೆಲ್ಲಿದ ಮೇಲೆ ಮೈಯ ಗೀರು, ಉಬ್ಬು, ನೆರಳು ಏನೂ ಉಳಿಯುವುದಿಲ್ಲ. ಒಟ್ಟು ಹಿಸ್ಟೋಗ್ರಾಂ, ಅಂದರೆ ಕ್ಯಾಮೆರಾದಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ನೋಡಿದರೆ ಎಲ್ಲ ಸರಿಯಾಗಿದೆ ಅಂತಲೇ ತೋರಿಸುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ಬೇರೆಬೇರೆ ನೋಡಬೇಕು, ಬೆಳಕನ್ನು ಅರ್ಧ ಮುಕ್ಕಾಲು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ದಾಸವಾಳ, ಧಾರೆ ಸೀರೆ, ತೆಯ್ಯದ ಮುಖದ ಬಣ್ಣ, ಎಲ್ಲಕ್ಕೂ ಇದೇ ಲೆಕ್ಕ. ನಾನು ಇದನ್ನು ಮಂಜೊಟ್ಟಿಯಿಂದ ಕಲಿತೆ. ಅದಕ್ಕಿಂತ ಮೊದಲು ತೆಗೆದ ಎಷ್ಟೋ ಧಾರೆ ಸೀರೆಗಳ ಜರಿ, ಮಡಿಕೆ ಹಾಗೇ ಹೋಗಿವೆ. ಆ ಮನೆಯವರು ಇಲ್ಲಿದ್ದರೆ ಕ್ಷಮಿಸಬೇಕು.

ಇನ್ನೂ ಒಂದು ಸ್ವಾರಸ್ಯ. ನಮ್ಮ ಚಾವಡಿಯಲ್ಲಿ ಅಜ್ಜಿಯ ಹರೆಯದ ಒಂದು ಫೋಟೋ ಇದೆ. ಹಣೆಯ ಕುಂಕುಮ ಮಸಿ ಬೊಟ್ಟಿನ ಹಾಗೆ ಕಪ್ಪು. ಚಿಕ್ಕವನಿದ್ದಾಗ ಅಜ್ಜಿ ಆಗ ಕಪ್ಪು ಬೊಟ್ಟು ಇಡುತ್ತಿದ್ದಳು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. ಹಳೇ ಕಾಲದ ಆರ್ಥೋಕ್ರೋಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಇದ್ದಲ್ಲೆಲ್ಲ ಅವಕ್ಕೆ ಕತ್ತಲೆ. ಕಪ್ಪುಬಿಳುಪಿನ ಪ್ರಿಂಟ್ ಹಾಕುವ ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬು ಉರಿಸುವುದೂ ಅದಕ್ಕೇ. ಆ ಕಾಗದಕ್ಕೆ ಕೆಂಪು ಬೆಳಕು ಬೆಳಕೇ ಅಲ್ಲ. ಅಂದಿನ ಪ್ಲೇಟಿಗೆ ಕೆಂಪು ಏನೂ ಅಲ್ಲ, ಇಂದಿನ ಸೆನ್ಸರಿಗೆ ಕೆಂಪು ಜಾಸ್ತಿ. ಅಜ್ಜಿಯ ಕುಂಕುಮ ಎರಡು ಕಾಲದಲ್ಲೂ ಸರಿಯಾಗಿ ಸಿಗಲಿಲ್ಲ.

ಸರಿ, ಚೆನ್ನೆಗೆ ಬರೋಣ. ಆಟಿ ಅಂದರೆ ನಿಮಗೆ ಗೊತ್ತು, ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ. ಗದ್ದೆ ಕೆಲಸ ಇಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಚಾವಡಿಯಲ್ಲಿ ಚೆನ್ನೆಮಣೆ ಇಳಿಯುತ್ತಿತ್ತು. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಅಕ್ಕತಂಗಿ ಎದುರುಬದುರು ಕೂತು ಆಡಬಾರದು ಅಂತ ನಮ್ಮಲ್ಲಿ ನಂಬಿಕೆ. ಸಿರಿ ಪಾಡ್ದನ ಅನ್ನುವ ತುಳು ಹಾಡುಗಥೆಯಲ್ಲಿ ಅಬ್ಬಗ ದಾರಗ ಅನ್ನುವ ಅವಳಿಗಳು ಚೆನ್ನೆ ಆಡುವಾಗಲೇ ಜಗಳವಾಗಿ, ಒಬ್ಬಳು ಮಣೆಯಿಂದ ಹೊಡೆದು ಇನ್ನೊಬ್ಬಳು ಸಾಯುತ್ತಾಳೆ. ಹಾಗಾಗಿ ಅಮ್ಮನೂ ಚಿಕ್ಕಮ್ಮನೂ ಒಟ್ಟಿಗೆ ಆಡುವ ಹಾಗಿರಲಿಲ್ಲ. ಇಬ್ಬರಿಗೂ ಎದುರಾಳಿ ಬೇಕಿತ್ತು. ನನಗೆ ಆಟ ಕಲಿಸಿದ್ದು ಪ್ರೀತಿಯಿಂದ ಅಲ್ಲ, ಅಗತ್ಯದಿಂದ.

ಆದರೆ ಆಟ ನಿಜವಾಗಿ ಗೊತ್ತಿದ್ದದ್ದು ಅಜ್ಜಿಗೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗುಳಿಗೆ ಬೆರಳು ಇಳಿಸಿ, ತುದಿಯಿಂದ ಒಮ್ಮೆ ಸವರಿ, “ಐದು” ಅನ್ನುತ್ತಿದ್ದಳು. ನಾವು ಬಗ್ಗಿ ಎಣಿಸಿದರೆ ಐದೇ. ಕಾಯಿಗಳನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒಂದೊಂದೇ ಜಾರಿಸುತ್ತಾ ಹೋಗುವಾಗ ಟಕ್, ಟಕ್, ಟಕ್ ಅಂತ ಒಂದೇ ಲಯದ ಸದ್ದು. ಕೊನೆಯ ಕಾಯಿ ಬಿದ್ದ ಮೇಲೆ ಮುಂದಿನ ಗುಳಿಯನ್ನು ಮುಟ್ಟುತ್ತಾಳೆ. ಅದರಲ್ಲಿ ಕಾಯಿ ಇದ್ದರೆ ಎತ್ತಿ ಆಟ ಮುಂದುವರಿಸುತ್ತಾಳೆ. ಖಾಲಿ ಇದ್ದರೆ ನಗುತ್ತಾಳೆ. ನಮ್ಮ ಮನೆಯಲ್ಲಿ ಆಡುತ್ತಿದ್ದ ಕ್ರಮದಲ್ಲಿ, ಖಾಲಿ ಗುಳಿಯ ಆಚೆಗಿನ ಗುಳಿಯಲ್ಲಿ ಎಷ್ಟು ಕಾಯಿ ಇದೆಯೋ ಅಷ್ಟೂ ನಿಮ್ಮದು. ಖಾಲಿ ಗುಳಿ ಎದುರಾಗದೆ ಗೆಲುವಿಲ್ಲ. ನಾವು ಮಕ್ಕಳು ತುಂಬಿದ ಗುಳಿಯನ್ನೇ ನೋಡುತ್ತಿದ್ದೆವು. ಅಜ್ಜಿ ಖಾಲಿ ಗುಳಿ ಹುಡುಕುತ್ತಿದ್ದಳು.

ಸ್ಟುಡಿಯೋದಲ್ಲಿ ಆ ಕ್ಯಾಲೆಂಡರಿನ ಫೋಟೋ ಅಳಿಸಿ ಸುಮ್ನೆ ಕೂತಿದ್ದಾಗ ನೆನಪಾದದ್ದು ಈ ಬೆರಳು, ಈ ನಗು. ಮಂಜೊಟ್ಟಿಯ ಕೆಂಪು ನೆನಪಾಗಲಿಲ್ಲ. ನಾನು ಇಪ್ಪತ್ತೆರಡು ವರ್ಷ ಮಾಡಿದ್ದು ಇಷ್ಟೇ: ಫ್ರೇಮಿನ ಗುಳಿಗಳನ್ನೆಲ್ಲ ತುಂಬಿಸುವುದು. ಮದುಮಕ್ಕಳು, ಹಿಂದೆ ನೆಂಟರು, ಮೇಲೆ ಹೂವಿನ ಅಲಂಕಾರ, ಖಾಲಿ ಉಳಿದಲ್ಲಿ ಆಲ್ಬಮ್ ಡಿಸೈನಿನವರು ಎರಡು ಹಾರ್ಟು. ಖಾಲಿ ಜಾಗ ಕಂಡರೆ ನಮಗೆ ಭಯ. ದುಡ್ಡು ಕೊಟ್ಟವರು ಕೇಳಿಯಾರು ಅಂತ.

ಮಾರನೇ ವಾರದಿಂದ ಮಂಜೊಟ್ಟಿಯನ್ನು ಮನೆಯಲ್ಲೇ ಬಿಟ್ಟು ಖಾಲಿ ಗುಳಿ ಹುಡುಕಿಕೊಂಡು ಹೊರಟೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ? ಕೆಂಪುಕಲ್ಲಿನ ಕೋರೆಗಳಿವೆ. ಕಲ್ಲು ತೆಗೆದು ಬಿಟ್ಟ ಮೇಲೆ ಗುಡ್ಡದಲ್ಲಿ ಚೌಕ ಚೌಕ ಹೊಂಡ, ಗೋಡೆಯಲ್ಲಿ ಮೆಷಿನಿನ ಅಡ್ಡ ಗೆರೆ, ಮಳೆಗಾಲದಲ್ಲಿ ಅರ್ಧ ನೀರು, ನೀರಿನಲ್ಲಿ ಮೋಡ. ಮೇಲಿನಿಂದ ನೋಡಿದರೆ ಚೆನ್ನೆಮಣೆಯೇ. ಕೋರೆಗೆ ಹೋಗುವವರು ಅಂಚಿಗೆ ಹೋಗಬೇಡಿ. ಮಳೆಯಲ್ಲಿ ಮಣ್ಣು ಕುಸಿಯುತ್ತದೆ, ನೀರು ಎಷ್ಟು ಆಳ ಅಂತ ಗೊತ್ತಾಗುವುದಿಲ್ಲ.

ಆಮೇಲೆ ಸುರಂಗಗಳು. ಬಾಯಾರು, ಪಡ್ರೆ, ಎಣ್ಮಕಜೆ ಕಡೆಯವರಿಗೆ ನಾನು ಹೇಳುವುದೇನೂ ಇಲ್ಲ. ಉಳಿದವರಿಗೆ: ಬಾವಿಯನ್ನು ಮಲಗಿಸಿದ ಹಾಗೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುತ್ತಾರೆ. ಒಬ್ಬ ಮನುಷ್ಯ ನುಗ್ಗುವಷ್ಟು ದಾರಿ. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪೂ ಬೇಡ ಕರೆಂಟೂ ಬೇಡ. ಅದರ ಬಾಯಿಯ ಎದುರು ನಿಂತು ನಾನು ಮೊದಲು ಮಾಡಿದ್ದು ಫ್ಲ್ಯಾಶ್ ಹಾಕಿದ್ದು. ಹಳೇ ಅಭ್ಯಾಸ! ಒಳಗಿನ ಕಲ್ಲು, ಬೇರು, ಜೇಡನ ಬಲೆ ಎಲ್ಲ ಕಂಡಿತು, ಸುರಂಗ ಮಾತ್ರ ಹೋಯಿತು. ಫ್ಲ್ಯಾಶ್ ಆರಿಸಿ, ಬಾಯಿಯ ಕಲ್ಲಿನ ಮೇಲೆ ಬಿದ್ದ ಬೆಳಕಿಗೆ ಮಾತ್ರ ಅಳತೆ ಇಟ್ಟು ತೆಗೆದೆ. ಫ್ರೇಮಿನ ಮುಕ್ಕಾಲು ಭಾಗ ಕಪ್ಪು. ಕೆಳಗೆ ಒಂದು ಗೆರೆ ನೀರು. ಅದರಲ್ಲಿ ಆಚೆಗಿನ ಗುಳಿಯ ಕಾಯಿ ಸಿಕ್ಕಿತು ಅನ್ನಿಸಿತು.

ಹೀಗೆ ಎರಡು ವರ್ಷದಲ್ಲಿ 14 ಫೋಟೋ ಒಟ್ಟಾದವು. ಮದುವೆ ಕೆಲಸ ಬಿಟ್ಟಿಲ್ಲ, ಹೊಟ್ಟೆಪಾಡು. ಎರಡು ಸಾಲಾಗಿ ಮನೆಯ ಗೋಡೆಗೆ ಅಂಟಿಸಿದೆ. ನೆರೆಮನೆಯ ಯಜಮಾನರು ಬಂದು ನೋಡಿ, “ಎಂಥ ಉಂಟು ಮಾರಾಯ ಇದರಲ್ಲಿ? ಏನೂ ಇಲ್ಲವಲ್ಲ” ಅಂದರು. ಅಮ್ಮ ಒಳಗಿನಿಂದಲೇ “ಚೆನ್ನೆ ಆಡಲಿಕ್ಕೆ ಬಿಟ್ಟಿದ್ದಾನೆ” ಅಂದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ.

ನನ್ನ ಮಾತು ಇಷ್ಟೇ. ವಸ್ತುವಿನ ಫೋಟೋ ತೆಗೆಯಲು ಅವಸರ ಮಾಡಬೇಡಿ. ಅದರ ಜೊತೆ ಆಡುವಾಗ ನಿಮ್ಮ ಕಣ್ಣು ಏನು ಅಭ್ಯಾಸ ಮಾಡಿಕೊಂಡಿತ್ತು ಅಂತ ನೆನಪು ಮಾಡಿಕೊಳ್ಳಿ. ಎಲ್ಲ ವಸ್ತುವೂ ಕಲಿಸಿರುವುದಿಲ್ಲ. ಆ ಮೂರು ಗೋಲಿಗಳಿಂದ ನನಗೆ ಏನೂ ಹೊಳೆಯಲಿಲ್ಲ. ಗೋಲಿಯೊಳಗೆ ತಲೆಕೆಳಗಾದ ತೆಂಗಿನಮರ, ಅಷ್ಟೇ. ಈಗ ಅದಕ್ಕೆಂದೇ ದೊಡ್ಡ ಗಾಜಿನ ಚೆಂಡು ಮಾರುತ್ತಾರೆ. ಎಲ್ಲರ ಫೋಟೋವೂ ಒಂದೇ ಥರ.

ರೀಲಿನ ತುಂಡುಗಳ ಕಥೆ ಬೇರೆ. ಟಾಕೀಸಿನ ಹತ್ತಿರದ ಗೂಡಂಗಡಿಯಲ್ಲಿ ಹತ್ತು ಪೈಸೆಗೆ ಎರಡು ತುಂಡು ಸಿಗುತ್ತಿತ್ತು. ನಾನು ಮತ್ತು ಸೋದರಮಾವನ ಮಗ ಸೇರಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸಿನಿಮಾ ತೋರಿಸುತ್ತಿದ್ದೆವು. ಹೇಗೆ ಅಂದರೆ, ಸುಟ್ಟುಹೋದ ಬಲ್ಬಿನ ಬುಡ ಒಡೆದು, ಒಳಗಿನ ತಂತಿ ತೆಗೆದು, ನೀರು ತುಂಬಿಸುವುದು. ಅದೇ ಲೆನ್ಸು. ಅಜ್ಜ ಕ್ಷೌರಕ್ಕೆ ಇಟ್ಟುಕೊಂಡಿದ್ದ ಕನ್ನಡಿಯನ್ನು ಅಂಗಳದಲ್ಲಿ ಬಿಸಿಲಿಗೆ ಹಿಡಿಯಲು ಒಬ್ಬ ಬೇಕು. ಬಾಗಿಲಿನ ತೂತಿನಿಂದ ಬಿಸಿಲು ಒಳಗೆ ಬರುತ್ತದೆ. ತೂತಿಗೆ ರೀಲು, ರೀಲಿನ ಮುಂದೆ ಬಲ್ಬು, ಎದುರಿಗೆ ಅಜ್ಜನ ಬಿಳಿ ಪಂಚೆ. ಚಿತ್ರ ತಲೆಕೆಳಗೆ ಬೀಳುತ್ತದೆ, ಹಾಗಾಗಿ ರೀಲನ್ನೇ ತಲೆಕೆಳಗೆ ಇಡಬೇಕು. ಬಲ್ಬನ್ನು ಒಂದು ಬೆರಳು ಹಿಂದೆ ತಂದರೆ ಹೀರೋನ ಮೂಗು ಸ್ಪಷ್ಟ, ಮುಂದೆ ತಳ್ಳಿದರೆ ಮಸುಕು. ಫೋಕಸ್ ಅನ್ನುವ ಶಬ್ದ ಕೇಳುವುದಕ್ಕಿಂತ ಎಷ್ಟೋ ಮೊದಲು ನಾವು ಫೋಕಸ್ ಮಾಡಿದ್ದೆವು. ಆದರೆ ಸೂರ್ಯ ಸರಿಯುತ್ತಾನಲ್ಲ! ಎರಡು ನಿಮಿಷಕ್ಕೊಮ್ಮೆ ಒಳಗಿನಿಂದ “ಕನ್ನಡಿ!” ಅಂತ ಕೂಗಬೇಕು. ಹೊರಗಿರುವವನಿಗೆ ಸಿನಿಮಾ ಕಾಣುವುದಿಲ್ಲ. ಯಾರು ಹೊರಗೆ ಅನ್ನುವುದಕ್ಕೇ ದಿನಾ ಹೊಡೆದಾಟ.

ಆ ತುಂಡುಗಳನ್ನು ಈಗ ಬೆಳಕಿಗೆ ಹಿಡಿದರೆ ಎಲ್ಲ ಗುಲಾಬಿ. ಹಸಿರು ಸೀರೆಯೂ ಗುಲಾಬಿ, ಆಕಾಶವೂ ಗುಲಾಬಿ. ಆ ಕಾಲದ ಕಲರ್ ಪ್ರಿಂಟುಗಳಲ್ಲಿ ನೀಲಿ ಕಡೆಯ ಬಣ್ಣ ಮೊದಲು ಮಾಸುತ್ತದೆ, ಕೆಂಪು ಉಳಿಯುತ್ತದೆ. ಪೊಟ್ಟಣ ತೆರೆದರೆ ವಿನೆಗರ್ ವಾಸನೆ ಬರುತ್ತದೆ. ಅಸಿಟೇಟ್ ಫಿಲಂ ಹಾಳಾಗುವ ವಾಸನೆ ಅದು. ನಮ್ಮ ಮಳೆಗೆ, ನಮ್ಮ ತೇವಕ್ಕೆ ಅದು ಬೇಗ ಬರುತ್ತದೆ. ನಿಮ್ಮ ಮನೆಯಲ್ಲಿ ಹಳೇ ನೆಗೆಟಿವ್ ಇದ್ದರೆ ದಯವಿಟ್ಟು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಇಡಬೇಡಿ. ಕಾಗದದ ಲಕೋಟೆ, ಒಣ ಜಾಗ. ವಾಸನೆ ಬಂದದ್ದನ್ನು ಉಳಿದವುಗಳಿಂದ ಬೇರೆ ಇಡಿ. ಹಳೇ ಫೋಟೋಗಳಿಗೆ ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ರೀಲಿನ ಆಟ ನನಗೆ ಕಲಿಸಿದ್ದು ಕತ್ತಲೆಕೋಣೆಯಲ್ಲಿ ಬೆಳಕಿನ ದಾರಿ ನೋಡುವುದನ್ನು. ಅದರಿಂದ ಒಂದು ದಿನ ಉಪಕಾರ ಆಯಿತು. 2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ನಿಮಗೆಲ್ಲ ನೆನಪಿರಬಹುದು. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ತುಂಬ ಚೆನ್ನಾಗಿ ಕಾಣುತ್ತದೆ ಅಂತ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನನಗೂ ಹೋಗುವ ಮನಸ್ಸಿತ್ತು, ಟೆಲಿಲೆನ್ಸಿಗೆ ಹಾಕುವ ಸೋಲಾರ್ ಫಿಲ್ಟರ್ ಸಿಗಲಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದು ಗ್ರಹಣ ಮುಗಿದು ಮೂರನೇ ದಿನಕ್ಕೆ ಬಂತು. ಬೇಸರದಲ್ಲಿ ಮನೆಯಲ್ಲೇ ಇದ್ದೆ. ಅಮ್ಮ ಗ್ರಹಣ ಅಂತ ಏನೂ ತಿನ್ನದೆ, ಹೊರಗೂ ಬಾರದೆ ಚಾವಡಿಯಲ್ಲಿ ಕೂತಿದ್ದಳು. ಒಂಬತ್ತೂವರೆ ಹೊತ್ತಿಗೆ ಅಲ್ಲಿಂದಲೇ ಕರೆದಳು. “ಇಲ್ಲಿ ಬಾ, ನೆಲದಲ್ಲಿ ಬಳೆ ಬಿದ್ದಿದೆ.”

ಹೋಗಿ ನೋಡಿದರೆ ನಿಜವಾಗಿ ಬಳೆಗಳು. ಹೆಂಚಿನ ಸಂದಿಗಳಿಂದ ಬಿದ್ದ ಒಂದೊಂದು ಬೆಳಕಿನ ಬೊಟ್ಟೂ ಒಂದೊಂದು ಬಳೆ. ದಿನಾ ಅಲ್ಲಿ ದುಂಡು ಬೊಟ್ಟುಗಳು ಬೀಳುತ್ತವೆ, ನಾವು ಚಿಕ್ಕಂದಿನಲ್ಲಿ ಅದರ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದೆವು. ಸಂದಿ ಯಾವ ಆಕಾರದಲ್ಲೇ ಇರಲಿ, ಸಣ್ಣದಾಗಿದ್ದರೆ ಬೊಟ್ಟು ದುಂಡಗೇ ಬೀಳುತ್ತದೆ. ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಹತ್ತಡಿ ದೂರದಿಂದ ಬಿದ್ದರೆ ಸುಮಾರು ಒಂದು ಇಂಚು. ಮನೆಯೇ ಪಿನ್‌ಹೋಲ್ ಕ್ಯಾಮೆರಾ. ಸೂರ್ಯ ಬಳೆಯಾದರೆ ನೆಲದಲ್ಲಿ ಬಳೆಯೇ ಬೀಳಬೇಕು. ಬಿಸಿಲು ಓರೆಯಾಗಿದ್ದದ್ದರಿಂದ ಬಳೆ ಸ್ವಲ್ಪ ಮೊಟ್ಟೆಯಾಕಾರ. ಅಮ್ಮನ ಸೆರಗಿನ ಮೇಲೆ ಎರಡು, ಕಾಲಿನ ಹತ್ತಿರ ಒಂದು. ಮೂರು ನಿಮಿಷದ ಆಸುಪಾಸು ಇತ್ತು. ಅಷ್ಟರಲ್ಲಿ ಒಂಬತ್ತು ಫೋಟೋ ತೆಗೆದೆ. ಗ್ರಹಣ ನೋಡಬಾರದು ಅಂತ ಒಳಗೆ ಕೂತವಳ ಮಡಿಲಿಗೇ ಗ್ರಹಣ ಬಂದು ಬಿತ್ತು.

ಈಗ ಬೇರೆಯವರು ಏನು ಮಾಡಿದ್ದಾರೆ ಅಂತ ಒಂದೆರಡು ಮಾತು. ಜಪಾನಿನ ಇಶಿಯುಚಿ ಮಿಯಾಕೊ ಅನ್ನುವ ಛಾಯಾಗ್ರಾಹಕಿಯ ತಾಯಿ 2000ದಲ್ಲಿ ತೀರಿಕೊಂಡರು. ತಾಯಿ ಮಗಳ ಸಂಬಂಧ ಅಷ್ಟು ಸಲೀಸಾಗಿರಲಿಲ್ಲ. ತಾಯಿ ಬಿಟ್ಟುಹೋದ ಲಿಪ್‌ಸ್ಟಿಕ್, ಕಟ್ಟಿಸಿದ ಹಲ್ಲು, ಒಳಉಡುಪುಗಳ ಫೋಟೋ ತೆಗೆದರು. 2005ರಲ್ಲಿ ವೆನಿಸ್ ಬಿಯೆನ್ನಾಲೆ ಅನ್ನುವ ಕಲಾಮೇಳದಲ್ಲಿ ಜಪಾನಿನ ಪರವಾಗಿ ಅವು ಪ್ರದರ್ಶನವಾದವು. ಆಮೇಲೆ ಹಿರೋಶಿಮಾದಲ್ಲಿ ಸತ್ತವರ ಬಟ್ಟೆಗಳ ಫೋಟೋ ತೆಗೆದರು. ನೀವು ಕೇಳಬಹುದು, ವಸ್ತುವಿನ ಫೋಟೋ ತೆಗೆಯಬೇಡಿ ಅಂದಿರಲ್ಲ ಅಂತ. ಹೌದು, ಅವರು ತೆಗೆದರು. ಆದರೆ ಆ ಲಿಪ್‌ಸ್ಟಿಕ್ ನೋಡಿದರೆ ಅದು ಸವೆದ ರೀತಿ ಕಾಣುತ್ತದೆ, ಒಂದು ತುಟಿಯ ಓರೆ ಕಾಣುತ್ತದೆ. ನನ್ನ ಮಂಜೊಟ್ಟಿಯಲ್ಲಿ ಅಜ್ಜಿಯ ಬೆರಳು ಇರಲಿಲ್ಲ. ಪ್ರಾಗ್‌ನ ಜೋಸೆಫ್ ಸುದೆಕ್ ಇನ್ನೊಬ್ಬರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ತನ್ನ ಸ್ಟುಡಿಯೋದ ಒಂದು ಕಿಟಕಿಯನ್ನೇ ವರ್ಷಗಟ್ಟಲೆ ತೆಗೆದರು. ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟ ನೀರು. ಸಾಕು ಅವರಿಗೆ.

ನಮ್ಮ ಊರಿನ ವಿಷಯದಲ್ಲಿ ಇದು ಮುಖ್ಯ ಅಂತ ನನಗೆ ಅನಿಸುತ್ತದೆ. ಹೊರಗಿನವರಿಗೆ ಕಾಸರಗೋಡು ಅಂದರೆ ಯಾವ ಫೋಟೋ ನೆನಪಾಗುತ್ತದೆ? ಒಂದೋ ಬೇಕಲ ಕೋಟೆ, ಇಲ್ಲದಿದ್ದರೆ ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಸುರಿದ ವಿಷ, ಅದರಿಂದ ನರಳಿದ ಮಕ್ಕಳು. ಆ ಫೋಟೋಗಳು ಬೇಕಾಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯುವ ಮೊದಲು ಆ ಚಿತ್ರಗಳು ಎಷ್ಟೋ ಜನರ ಕಣ್ಣು ತೆರೆಸಿದವು. ಆದರೆ ಆ ಮನೆಗಳಲ್ಲೂ ಅಟ್ಟ ಇತ್ತು, ಚೆನ್ನೆಮಣೆ ಇತ್ತು, ಹೆಂಚಿನಿಂದ ಬೊಟ್ಟು ಬೆಳಕು ಬೀಳುತ್ತಿತ್ತು. ಅದನ್ನು ಒಂದು ದಿನಕ್ಕೆ ಕಾರಿನಲ್ಲಿ ಬಂದವರು ತೆಗೆಯಲಾರರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡಿ ಬೆಳೆದ ನಾವೇ ತೆಗೆಯಬೇಕು.

ಮನೆಗೆ ಹೋಗಿ ಏನು ಮಾಡಬೇಕು ಅಂತ ಕೇಳಿದರೆ, ನನ್ನ ಮಾವನ ಕ್ಯಾಮೆರಾದ ಲೆಕ್ಕ ಹೇಳುತ್ತೇನೆ. ಅವರ ಹತ್ತಿರ ಅಗ್ಫಾ ಕ್ಲಿಕ್ ತ್ರೀ ಇತ್ತು. 120 ಫಿಲಂ, ಒಂದು ರೋಲಿಗೆ 12 ಫೋಟೋ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಮುಗಿಯಿತು. ಒಂದು ಬೇಸಿಗೆ ರಜೆಯಲ್ಲಿ ಒಂದು ರೋಲು ಪೂರ್ತಿ ನನ್ನ ಕೈಗೆ ಕೊಟ್ಟರು. ಒಂದು ತಿಂಗಳು ಎಳೆದೆಳೆದು 12 ತೆಗೆದೆ. ತೊಳೆಯಲು ಕೊಟ್ಟ ಸ್ಟುಡಿಯೋದವರು ರೋಲನ್ನೇ ಎಲ್ಲೋ ಕಳೆದುಹಾಕಿದರು. ಎರಡು ತಿಂಗಳು ಅಲೆದೆ, “ನಾಳೆ ಬಾ” ಅನ್ನುತ್ತಿದ್ದರು. ಒಂದೂ ಸಿಗಲಿಲ್ಲ. ತಮಾಷೆ ಏನೆಂದರೆ ಆ 12 ಫೋಟೋ ನನಗೆ ಈಗಲೂ ಒಂದೊಂದೂ ನೆನಪಿದೆ. ಎಮ್ಮೆಯ ಬೆನ್ನಿನ ಮೇಲಿನ ಬೆಳ್ಳಕ್ಕಿ ಎಷ್ಟು ಹೊತ್ತು ಕಾಯಿಸಿತ್ತು ಅಂತ ಕೂಡ. ಹೋದ ತಿಂಗಳು ಮೊಬೈಲಿನಲ್ಲಿ ತೆಗೆದ ಆರುನೂರರಲ್ಲಿ ಒಂದೂ ನೆನಪಿಲ್ಲ. ಹಾಗಾಗಿ ಒಂದು ವಸ್ತು ಆರಿಸಿಕೊಳ್ಳಿ, ಒಂದು ತಿಂಗಳು, 12 ಫೋಟೋ. ಅಳಿಸಿದ್ದೂ ಲೆಕ್ಕಕ್ಕೆ ಸೇರಬೇಕು. ಮೋಸ ಮಾಡಿದರೆ ನನಗೇನೂ ಗೊತ್ತಾಗುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮೊಬೈಲ್ ಸಾಕಾ ಅಂತ ಒಬ್ಬರು ಕೇಳಿದರು. ಸಾಕು. ಹನ್ನೊಂದನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು, “ಸರ್, ನಮ್ಮ ಹತ್ತಿರ ಹಳೇದು ಏನೂ ಇಲ್ಲ. ಬಾಡಿಗೆ ಮನೆ ಬದಲಾಯಿಸುವಾಗ ಎಲ್ಲ ಹೋಯಿತು” ಅಂದಳು. ನನಗೆ ಸ್ವಲ್ಪ ನಾಚಿಕೆಯಾಯಿತು. ಅಟ್ಟ ಇರುವವನ ಉಪದೇಶ ಇಷ್ಟು ಹೊತ್ತು. ಪುಸ್ತಕದ ಒಳಗೆ, ಪರ್ಸಿನ ಒಳಗೆ, ಎಲ್ಲೂ ಏನೂ ಇಲ್ಲವಾ ಅಂತ ಕೇಳಿದೆ. ತಡೆದು ಹೇಳಿದಳು, ಅಪ್ಪ ಗಲ್ಫಿನಿಂದ ತರುತ್ತಿದ್ದ ಚಾಕಲೇಟಿನ ಬಂಗಾರದ ಕಾಗದ ಇದೆ, ಉಗುರಿನಿಂದ ಉಜ್ಜಿ ನುಣುಪು ಮಾಡಿ ನೋಟ್ಸಿನೊಳಗೆ ಇಟ್ಟಿದ್ದೇನೆ ಅಂತ. ಅದು ಅವಳ ಬ್ಯಾಗಿನಲ್ಲೇ ಇತ್ತು! ಕಿಟಕಿಯ ಹತ್ತಿರ ಅವಳ ಗೆಳತಿಯನ್ನು ನಿಲ್ಲಿಸಿ, ಕಾಗದವನ್ನು ಕೆನ್ನೆಯ ಬದಿಗೆ ಹಿಡಿಯಲು ಹೇಳಿದೆ. ಹೊರಗೆ ಮೋಡ, ಬೂದು ಬೆಳಕು. ಕೆನ್ನೆಯ ಮೇಲೆ ಅಂಗೈಯಷ್ಟು ಜಾಗದಲ್ಲಿ ಮಾತ್ರ ಸಂಜೆ ಬಿಸಿಲು ಬಿತ್ತು. ನಾವು ಮದುವೆಗಳಲ್ಲಿ ಇದಕ್ಕೇ ದೊಡ್ಡ ರಿಫ್ಲೆಕ್ಟರ್ ಹೊತ್ತು ತಿರುಗುತ್ತೇವೆ. ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ “ನಾನು ಇದನ್ನು ಸಣ್ಣವಳಿದ್ದಾಗ ಮಾಡುತ್ತಿದ್ದೆ, ತಮ್ಮನ ಮುಖಕ್ಕೆ” ಅಂದಳು.

ಎಲ್ಲ ಎದ್ದು ಚಾ ಕುಡಿಯುತ್ತಿದ್ದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬರು ಅಜ್ಜಿ ಡಬ್ಬಿ ಕೇಳಿ ತೆಗೆದುಕೊಂಡರು. ಮಡಿಲಿಗೆ ಸುರಿದುಕೊಂಡರು. ನೋಡುತ್ತಿದ್ದದ್ದು ನನ್ನ ಮುಖವನ್ನು, ಬೆರಳು ಮಾತ್ರ ನಾಲ್ಕು ನಾಲ್ಕಾಗಿ ಕಾಯಿ ಸರಿಸುತ್ತಾ ಹೋಯಿತು. “ಐವತ್ತಮೂರು ಮಗಾ. ಮೂರು ಕಡಿಮೆ ಉಂಟು. ಇದರಲ್ಲಿ ಆಡಲಿಕ್ಕಾಗುವುದಿಲ್ಲ” ಅಂದರು. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಎಣಿಸಿರಲಿಲ್ಲ. ಅವರ ಬೆರಳಿನ ಫೋಟೋ ಅವಸರದಲ್ಲಿ ತೆಗೆದೆ. ವಾಚನಾಲಯದ ಟ್ಯೂಬ್‌ಲೈಟಿಗೆ ಶಟರ್ ವೇಗ 1/50 ಸೆಕೆಂಡು ಇಡಬೇಕಿತ್ತು, 1/500 ಇತ್ತು. ಫೋಟೋದ ಉದ್ದಕ್ಕೂ ಕಪ್ಪು ಪಟ್ಟೆ ಬಂದಿದೆ. ಸರಿ ಮಾಡಿ ಇನ್ನೊಮ್ಮೆ ಎತ್ತುವಷ್ಟರಲ್ಲಿ ಅವರು ಕಾಯಿಗಳನ್ನೆಲ್ಲ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ ಮುಚ್ಚಿ, ಕೊಡೆ ಹುಡುಕುತ್ತಿದ್ದರು.